ದೊಡ್ಡಪ್ಪನ ಎಫ್‌ಡಿ ಲೆನ್ಸು ನಿಮ್ಮ ಸೋನಿಗೆ ಕೂರುತ್ತದೆ, ಆದರೆ ಮೊದಲು ಟಾರ್ಚ್ ಹಿಡಿದು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಬದಿಯಡ್ಕ ಕಡೆಯವನು. ನಮ್ಮ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಕುವೈತ್‌ನಲ್ಲಿದ್ದಾಗ ಒಂದು ಕ್ಯಾನನ್ ಎಇ-1 ಕ್ಯಾಮೆರಾ ತಂದಿದ್ದರು. ಈಗ ಅದನ್ನು ನನಗೆ ಕೊಟ್ಟಿದ್ದಾರೆ. ಜೊತೆಗೆ 50 ಎಂಎಂ ಎಫ್ 1.8 ಮತ್ತು 135 ಎಂಎಂ ಎಫ್ 3.5 ಲೆನ್ಸುಗಳಿವೆ. ಕ್ಯಾಮೆರಾ ಕೆಟ್ಟಿದೆ, ಕ್ಲಿಕ್ ಆಗುವುದೇ ಇಲ್ಲ. 50ರ ಒಳಗೆ ಒಂದು ಬದಿಯಲ್ಲಿ ಜೇಡನ ಬಲೆಯ ಹಾಗೆ ಏನೋ ಕಾಣುತ್ತದೆ. ನನ್ನ ಹತ್ತಿರ ಇರುವುದು ಸೋನಿ ಎ6400 ಮತ್ತು ಅದರ ಕಿಟ್ ಲೆನ್ಸು. ಅಡಾಪ್ಟರ್ ಹಾಕಿ ಈ ಲೆನ್ಸುಗಳನ್ನು ಬಳಸಬಹುದಾ? ಇಲ್ಲಿ ಸ್ಟುಡಿಯೋದವರೊಬ್ಬರು "ಸುಮ್ನೆ ದುಡ್ಡು ದಂಡ" ಅಂದರು. ನನಗೆ ಆಟದ, ಅಂದರೆ ಯಕ್ಷಗಾನದ, ಫೋಟೋ ತೆಗೆಯುವ ಹುಚ್ಚು. ಸಣ್ಣಪುಟ್ಟ ಮದುವೆ ಆರ್ಡರ್ ಕೂಡ ಬರುತ್ತಿದೆ. ಹೀಲಿಯೋಸ್ ಅಂತ ಒಂದು ರಷ್ಯನ್ ಲೆನ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದನ್ನೂ ತೆಗೆದುಕೊಳ್ಳಲಾ?

ಉತ್ತರ: ಬಳಸಬಹುದು. ಸ್ಟುಡಿಯೋದವರು ಹೇಳಿದ್ದು ಮದುವೆ ಕೆಲಸದ ಮಟ್ಟಿಗೆ ಸರಿ, ಉಳಿದದ್ದಕ್ಕೆ ಅಲ್ಲ. ಆದರೆ ಅಡಾಪ್ಟರ್ ಆರ್ಡರ್ ಮಾಡುವ ಮೊದಲು ಆ ಜೇಡನ ಬಲೆ ಏನೆಂದು ನೋಡಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹುಟ್ಟಿಸಿದ್ದು ಅದೇ ಸಾಲು.

ಲೆನ್ಸು ಯಾಕೆ ಕೂರುತ್ತದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಲೆನ್ಸು ಕ್ಯಾಮೆರಾಗೆ ಕೂರುವ ಬಾಯಿ ಅಂದರೆ ಮೌಂಟ್‌ನಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಇಷ್ಟೇ ದೂರ ಇರಬೇಕು ಅಂತ ಪ್ರತಿ ಕಂಪನಿಯೂ ಒಂದು ಅಳತೆ ಇಟ್ಟುಕೊಂಡಿರುತ್ತದೆ. ಕ್ಯಾನನ್ ಎಫ್‌ಡಿಗೆ ಅದು 42 ಎಂಎಂ. ನಿಮ್ಮ ದೊಡ್ಡಪ್ಪನ ಲೆನ್ಸುಗಳ ಮೌಂಟ್ ಅದೇ. ಹಳೆ ಎಸ್ಎಲ್ಆರ್ ಕ್ಯಾಮೆರಾಗಳ ಒಳಗೆ ಕನ್ನಡಿ ಮೇಲೆ ಕೆಳಗೆ ಆಡಬೇಕಿತ್ತು, ಅದಕ್ಕೆ ಅಷ್ಟು ಜಾಗ ಬೇಕಿತ್ತು. ಮಿರರ್‌ಲೆಸ್‌ನಲ್ಲಿ ಕನ್ನಡಿಯೇ ಇಲ್ಲವಲ್ಲ, ಹಾಗಾಗಿ ನಿಮ್ಮ ಎ6400ರ ಸೋನಿ ಇ ಮೌಂಟ್‌ಗೆ 18 ಎಂಎಂ ಸಾಕು. ನಡುವೆ ಉಳಿಯುವ 24 ಎಂಎಂ ಖಾಲಿ ಜಾಗ ತುಂಬುವ ಒಂದು ಲೋಹದ ಕೊಳವೆ, ಅಷ್ಟೇ ಅಡಾಪ್ಟರ್ ಅಂದರೆ. ಒಳಗೆ ಗಾಜಿಲ್ಲ, ಕರೆಂಟಿಲ್ಲ.

ಎಫ್‌ಡಿ ಲೆನ್ಸುಗಳಿಗೆ ಇದು ನಿಜವಾಗಿ ಎರಡನೇ ಜನ್ಮ. ಕ್ಯಾನನ್ 1987ರಲ್ಲಿ ಹಳೆ ಮೌಂಟ್ ಬಿಟ್ಟು ಇಎಫ್‌ಗೆ ಹೋಯಿತು. ಇಎಫ್ ಅಳತೆ 44 ಎಂಎಂ, ಅಂದರೆ ಎಫ್‌ಡಿಗಿಂತ 2 ಎಂಎಂ ಜಾಸ್ತಿ. ಕ್ಯಾನನ್‌ನದೇ ಡಿಎಸ್ಎಲ್ಆರ್‌ಗೆ ಕ್ಯಾನನ್‌ನದೇ ಹಳೆ ಲೆನ್ಸು ಹಾಕಿದರೆ ದೂರದ್ದು ಫೋಕಸ್ ಆಗುತ್ತಲೇ ಇರಲಿಲ್ಲ. ಆಗಬೇಕಾದರೆ ನಡುವೆ ಒಂದು ಗಾಜು ಇಟ್ಟ ಅಡಾಪ್ಟರ್ ಬೇಕು, ಆ ಗಾಜು ಫೋಟೋ ಹಾಳು ಮಾಡುತ್ತಿತ್ತು. ಎಷ್ಟೋ ವರ್ಷ ಈ ಲೆನ್ಸುಗಳು ಕಪಾಟಿನಲ್ಲಿ ಬಿದ್ದಿದ್ದವು, ಸೆಕೆಂಡ್ ಹ್ಯಾಂಡ್‌ನಲ್ಲಿ ಕೇಳುವವರಿರಲಿಲ್ಲ. 2010ರಲ್ಲಿ ಸೋನಿಯ ನೆಕ್ಸ್ ಕ್ಯಾಮೆರಾಗಳು ಬಂದ ಮೇಲೆ, ಮತ್ತೆ 2013ರಲ್ಲಿ ಫುಲ್ ಫ್ರೇಮ್, ಅಂದರೆ ಹಳೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ, ಎ7 ಬಂದ ಮೇಲೆ ಕಥೆ ಬದಲಾಯಿತು. ಗಲ್ಫ್‌ನಿಂದ ಬಂದ ಎಇ-1, ಯಾಶಿಕಾ, ಪೆಂಟಾಕ್ಸ್‌ಗಳು ನಮ್ಮ ಕಾಸರಗೋಡಿನ ಎಷ್ಟು ಮನೆಗಳ ಅಟ್ಟದಲ್ಲಿವೆಯೋ, ಯಾರೂ ತೆಗೆದು ನೋಡುವುದಿಲ್ಲ.

ಅಂದ ಹಾಗೆ, ಕ್ಯಾಮೆರಾ ಕೆಟ್ಟಿದೆ ಅಂದಿರಿ. ಬ್ಯಾಟರಿ ಬದಲಿಸಿ ನೋಡಿದಿರಾ? ಎಇ-1ರ ಶಟರ್ ಪೂರ್ತಿ ಎಲೆಕ್ಟ್ರಾನಿಕ್. ಬ್ಯಾಟರಿ ಸತ್ತರೆ ಕ್ಲಿಕ್ ಕೂಡ ಆಗುವುದಿಲ್ಲ. 6 ವೋಲ್ಟಿನ 4ಎಲ್ಆರ್44 ಅನ್ನುವ ಸಣ್ಣ ಬ್ಯಾಟರಿ ಸಾಕು. ಹಾಕಿದ ಮೇಲೂ ಅಲುಗದಿದ್ದರೆ ಆಮೇಲೆ ಕೆಟ್ಟಿದೆ ಅನ್ನಿ.

ಈಗ ಬಲೆಯ ವಿಷಯ. ಅದು ನೂರಕ್ಕೆ ತೊಂಬತ್ತು ಪಾಲು ಫಂಗಸ್. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕದ ರಟ್ಟಿಗೆ ಹಿಡಿಯುತ್ತದಲ್ಲ, ಅದೇ ಬೂಸ್ಟು ಲೆನ್ಸಿನ ಒಳಗೂ ಬೆಳೆಯುತ್ತದೆ. ಗಾಜಿನ ಮೇಲಿನ ಸಣ್ಣ ಧೂಳು, ಜಿಡ್ಡು ಮತ್ತು ತೇವ ಇಷ್ಟಿದ್ದರೆ ಅದಕ್ಕೆ ಸಾಕು. ಬೆಳೆಯುತ್ತಾ ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗ್ ತಿನ್ನುತ್ತದೆ. ಒರೆಸಿದರೆ ಬೂಸ್ಟು ಹೋಗುತ್ತದೆ, ತಿಂದ ಗುರುತು ಹೋಗುವುದಿಲ್ಲ. ಅದಕ್ಕೇ ಹೇಳುವುದು, ಎಷ್ಟು ದಿನ ಬಿಡುತ್ತೀರೋ ಅಷ್ಟು ನಷ್ಟ.

ನೋಡುವ ಕ್ರಮ ಹೀಗೆ. ಕತ್ತಲೆ ಕೋಣೆಗೆ ಹೋಗಿ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದಿರಲಿ. ಎಫ್ ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಿಡಿದು, ಮುಂದಿನಿಂದ ನೇರವಾಗಿ ನೋಡದೆ ಸ್ವಲ್ಪ ಓರೆಯಾಗಿ ನೋಡಿ. ಆಮೇಲೆ ಲೆನ್ಸು ತಿರುಗಿಸಿ ಇನ್ನೊಂದು ಕಡೆಯಿಂದ ನೋಡಿ. ಕವಲೊಡೆದ ಬಿಳಿ ಎಳೆಗಳು ಅಂಚಿನಿಂದ ನಡುವಿಗೆ ಬರುತ್ತಿದ್ದರೆ ಫಂಗಸ್. ಇಡೀ ಗಾಜಿಗೆ ಮಂಜು ಕವಿದ ಹಾಗಿದ್ದರೆ ಅದು ಬೇರೆ, ಒಳಗಿನ ಗ್ರೀಸು ಆವಿಯಾಗಿ ಕೂತ ಪದರ. ಅಂಚಿನಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜು ಅಂಟಿಸಿದ ಅಂಟು ಬಿಡುತ್ತಿದೆ ಅಂತ, ಅದಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥ ಇಲ್ಲ. ಚುಕ್ಕಿ ಧೂಳು ಎಲ್ಲ ಹಳೆ ಲೆನ್ಸಿನಲ್ಲೂ ಇರುತ್ತದೆ, ಅದನ್ನು ಮರೆತುಬಿಡಿ.

ಅಂಚಿನಲ್ಲಿ ನಾಲ್ಕು ಎಳೆ ಅಷ್ಟೇ ಇದ್ದರೆ ಫೋಟೋದಲ್ಲಿ ಏನೂ ಕಾಣುವುದಿಲ್ಲ. ಎದುರು ಬೆಳಕಿದ್ದಾಗ ಮಾತ್ರ ಚಿತ್ರ ಸ್ವಲ್ಪ ತೊಳೆದ ಹಾಗೆ ಪೇಲವ ಆಗುತ್ತದೆ. ಹಾಗೆ ಇದ್ದರೂ ಕ್ಲೀನ್ ಮಾಡಿಸಿ, ಯಾಕೆಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮಂಗಳೂರಿನಲ್ಲಿ ಫಿಲ್ಮ್ ಕಾಲದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿರುವವರನ್ನು ವಿಚಾರಿಸಿ. 50 ಎಂಎಂ ಸರಳ ಲೆನ್ಸು, ಕೈ ಪಳಗಿದವರಿಗೆ ದೊಡ್ಡ ಕೆಲಸ ಅಲ್ಲ. ವಿಡಿಯೋ ನೋಡಿ ನೀವೇ ಬಿಚ್ಚಲು ಹೋಗಬೇಡಿ. ಸ್ಪ್ಯಾನರ್ ಜಾರಿದರೆ ಗಾಜಿಗೆ ಗೀರು ಬೀಳುತ್ತದೆ. ಫೋಕಸ್ ರಿಂಗಿನ ಒಳಗಿನ ತಿರುಪಿನ ಮರೆಗಳು ಎಲ್ಲಿ ಬಿಟ್ಟುಕೊಂಡವು ಅಂತ ಗುರುತು ಹಾಕದೆ ಬಿಚ್ಚಿದರೆ ಮತ್ತೆ ಸರಿಯಾಗಿ ಕೂರಿಸುವುದು ದೊಡ್ಡ ತಲೆನೋವು. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಅನ್ನುವ ಮಾತೂ ಇದೆ. ಬಿಸಿಲಿಗೆ ಫಂಗಸ್ ಬೆಳವಣಿಗೆ ನಿಲ್ಲಬಹುದು, ಬಲೆ ಹಾಗೇ ಉಳಿಯುತ್ತದೆ. ಅಂಗಳದಲ್ಲಿ ಅಡಕೆ ಜೊತೆ ಲೆನ್ಸನ್ನೂ ಒಣಗಲು ಇಟ್ಟರೆ ಸೂರ್ಯನ ಬಿಸಿಲು ಒಂದೇ ಕಡೆ ಬಿದ್ದು ಅಡಿಯ ಬಟ್ಟೆಗೋ ಕಾಗದಕ್ಕೋ ಬೆಂಕಿ ಹತ್ತುವ ಸಾಧ್ಯತೆಯೂ ಇದೆ.

ಕ್ಲೀನ್ ಆಗಿ ಬಂದ ಮೇಲೆ ಮತ್ತೆ ಹಳೆ ಚರ್ಮದ ಕೇಸಿಗೆ ಹಾಕಬೇಡಿ. ಆ ಕೇಸು ತೇವ ಹೀರಿ ಇಟ್ಟುಕೊಳ್ಳುತ್ತದೆ, ಲೆನ್ಸಿನ ದೊಡ್ಡ ವೈರಿ ಅದೇ. ತೇವ ಹತೋಟಿಯಲ್ಲಿಡುವ ಪೆಟ್ಟಿಗೆ, ಡ್ರೈ ಕ್ಯಾಬಿನೆಟ್, ತೆಗೆದುಕೊಳ್ಳಲು ಆದರೆ ಒಳ್ಳೆಯದು. ಆಗದಿದ್ದರೆ ರಬ್ಬರ್ ಅಂಚಿರುವ, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬ, ಕಾಲು ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಡಿಜಿಟಲ್ ಮೀಟರ್. ಮೀಟರ್ 40ರಿಂದ 50 ಶೇಕಡಾ ತೋರಿಸುತ್ತಿರಬೇಕು. ತೀರಾ ಒಣಗಿದರೂ ಲೆನ್ಸಿನ ಗ್ರೀಸಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ತೆಗೆದುಕೊಳ್ಳಿ, ತೇವ ಕುಡಿದ ಮೇಲೆ ಹಸಿರಾಗುತ್ತದೆ. ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ ಆಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬೇಡಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಅಕ್ಕಿ ಹಾಕಿಡುವುದು, ಕರ್ಪೂರ, ನುಸಿಗುಳಿಗೆ ಹಾಕಿಡುವುದು ಯಾವುದೂ ಬೇಡ. ಅಕ್ಕಿಯಿಂದ ಬರುವುದು ಹಿಟ್ಟಿನ ಧೂಳು. ಗುಳಿಗೆ, ಕರ್ಪೂರ ಹಾಕಬೇಡಿ ಅಂತ ಕ್ಯಾಮೆರಾ ಕಂಪನಿಗಳೇ ಎಚ್ಚರಿಸುತ್ತವೆ. ಎಲ್ಲಕ್ಕಿಂತ ಒಳ್ಳೆ ಮದ್ದು ಲೆನ್ಸನ್ನು ದಿನಾ ಬಳಸುವುದು.

ಇಷ್ಟು ಆದ ಮೇಲೆ ಅಡಾಪ್ಟರ್. ಆನ್‌ಲೈನ್‌ನಲ್ಲಿ "ಎಫ್‌ಡಿ ಟು ನೆಕ್ಸ್" ಅಂತ ಹುಡುಕಿ, ಸೋನಿ ಇ ಮೌಂಟನ್ನು ಈಗಲೂ ಹಾಗೇ ಕರೆಯುತ್ತಾರೆ. ಎರಡು ಸಾವಿರದ ಆಸುಪಾಸಿನದ್ದು ಸಾಕು. ಗಾಜಿರುವುದು ಬೇಡ. ಹಾಕಿದಾಗ ಲೆನ್ಸು ಲಟಲಟ ಅಲ್ಲಾಡಿದರೆ ವಾಪಸ್ ಕಳಿಸಿ. ಆಮೇಲೆ ಒಂದು ರಾತ್ರಿ ಚಂದ್ರನಿಗೆ ಫೋಕಸ್ ಮಾಡಿ ನೋಡಿ. ಹಗಲಲ್ಲಾದರೆ ಬೇಕಲ ಕೋಟೆಯ ಮೇಲೆ ನಿಂತು ಸಮುದ್ರದ ಅಂಚಿಗೆ. ಫೋಕಸ್ ರಿಂಗ್ ತುದಿ ಮುಟ್ಟುವ ಸ್ವಲ್ಪ ಮೊದಲೇ ದೂರದ್ದು ಸ್ಪಷ್ಟವಾದರೆ ಗಾಬರಿ ಬೇಡ. ಅಡಾಪ್ಟರ್ ಮಾಡುವವರು ಬೇಕಂತಲೇ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ. ತುದಿಗೆ ಹೋದರೂ ಸ್ಪಷ್ಟ ಆಗದಿದ್ದರೆ ಮಾತ್ರ ಅಡಾಪ್ಟರ್ ಸರಿಯಿಲ್ಲ.

ಎಫ್‌ಡಿ ಅಡಾಪ್ಟರಿನಲ್ಲಿ ಎಲ್ಲರೂ ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಅದರ ಮೇಲೆ ಓಪನ್, ಲಾಕ್ ಅಂತ ಬರೆದ ಒಂದು ರಿಂಗ್ ಇರುತ್ತದೆ. ಲೆನ್ಸಿನ ಹಿಂಬದಿಯಲ್ಲಿ ಒಂದು ಸಣ್ಣ ಸನ್ನೆ (ಲಿವರ್) ನೋಡಿದ್ದೀರಾ? ಎಇ-1 ಅದನ್ನು ತಳ್ಳಿ ಕ್ಲಿಕ್ ಮಾಡುವ ಕ್ಷಣದಲ್ಲಿ ಅಪರ್ಚರ್ ಮುಚ್ಚುತ್ತಿತ್ತು. ಈಗ ಆ ಕೆಲಸ ಅಡಾಪ್ಟರಿನ ರಿಂಗ್ ಮಾಡಬೇಕು. ಲೆನ್ಸು ಹಾಕುವಾಗ ಓಪನ್ ಕಡೆ ಇರಲಿ, ಕೂತ ಮೇಲೆ ಲಾಕ್ ಕಡೆ ತಿರುಗಿಸಿ. ಆಮೇಲೆ ಅಪರ್ಚರ್ ರಿಂಗ್ ತಿರುಗಿಸುತ್ತಾ ಲೆನ್ಸಿನ ಮುಂದಿನಿಂದ ಬ್ಲೇಡುಗಳು ಆಡುತ್ತವಾ ನೋಡಿ. ಆಡದಿದ್ದರೆ ಲೆನ್ಸು ಹಾಳಾಗಿದೆ ಅಂತ ಅಂದುಕೊಳ್ಳಬೇಡಿ, ಈ ರಿಂಗ್ ತಿರುಗಿಸಿ ನೋಡಿ. ಲೆನ್ಸಿನ ಅಪರ್ಚರ್ ರಿಂಗ್ "ಎ" ಗುರುತಿನ ಮೇಲೂ ಇರಬಾರದು, ಅಂಕಿಯ ಮೇಲಿರಬೇಕು. ಬ್ಲೇಡುಗಳ ಮೇಲೆ ಎಣ್ಣೆ ಹೊಳೆಯುತ್ತಿದ್ದರೆ ಅದನ್ನೂ ರಿಪೇರಿಯವರಿಗೆ ತೋರಿಸಿ.

ಕ್ಯಾಮೆರಾದಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಆನ್ ಮಾಡಿ. ಅಡಾಪ್ಟರಿನಲ್ಲಿ ಕರೆಂಟ್ ಇಲ್ಲವಾದ್ದರಿಂದ ಲೆನ್ಸೇ ಇಲ್ಲ ಅಂತ ಕ್ಯಾಮೆರಾ ತಿಳಿಯುತ್ತದೆ. ಮೋಡ್ ಡಯಲ್ "ಎ"ಯಲ್ಲಿರಲಿ. ಅಪರ್ಚರ್ ಲೆನ್ಸಿನಲ್ಲಿ ನೀವು ತಿರುಗಿಸುತ್ತೀರಿ, ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುತ್ತದೆ. ಫೋಟೋದ ಮಾಹಿತಿಯಲ್ಲಿ ಅಪರ್ಚರ್ ದಾಖಲಾಗುವುದಿಲ್ಲ, ಬೇಕಾದರೆ ನೆನಪಿಟ್ಟುಕೊಳ್ಳಬೇಕು. ಎ6400ರ ಬಾಡಿಯಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ, ನಿಮ್ಮ ಕಿಟ್ ಲೆನ್ಸಿನೊಳಗೆ ಅದು ಇತ್ತು. ನಿಮ್ಮ ಸೆನ್ಸರಿಗೆ 50 ಎಂಎಂ ಲೆನ್ಸು ಫುಲ್ ಫ್ರೇಮಿನ 75ರ ನೋಟ ಕೊಡುತ್ತದೆ, 135 ಸುಮಾರು 200ರದ್ದು. ಹಾಗಾಗಿ 50ಕ್ಕೆ ಸೆಕೆಂಡಿನ 125ನೇ ಒಂದು ಭಾಗ, 135ಕ್ಕೆ 250ನೇ ಒಂದು ಭಾಗ, ಇದಕ್ಕಿಂತ ನಿಧಾನಕ್ಕೆ ಇಳಿಯದ ಹಾಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಹೊಂದಿಸಿಕೊಳ್ಳಿ. ಮುಂದೆ ಬಾಡಿಯಲ್ಲೇ ಸ್ಥಿರತೆ ಇರುವ ಕ್ಯಾಮೆರಾ ತೆಗೆದುಕೊಂಡರೆ ಅದರ ಮೆನುವಿನಲ್ಲಿ ಲೆನ್ಸಿನ ಮೇಲೆ ಬರೆದ ಅಳತೆಯನ್ನೇ ಕೊಡಬೇಕು. 75 ಅಲ್ಲ, 50.

ಇನ್ನು ನಿಮ್ಮ ಹುಚ್ಚಿನ ವಿಷಯ. ಆಟಕ್ಕೆ ಈ ಲೆನ್ಸು ಹೌದಾ ಅಲ್ವಾ ಅಂತ ಕೇಳಿದರೆ ನಾನು ಹೇಳುವುದು: ಚೌಕಿಗೆ ಹೌದು, ರಂಗಸ್ಥಳಕ್ಕೆ ಅಲ್ಲ.

ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಹಿಡಿದು ಕೂತು ಮುಖಕ್ಕೆ ಚುಟ್ಟಿ ಇಡುತ್ತಿರುತ್ತಾರೆ. ಅಕ್ಕಿಹಿಟ್ಟಿನ ಆ ಬಿಳಿ ಮುಳ್ಳುಗಳನ್ನು ಒಂದೊಂದಾಗಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಕೂತವರು ಅಲುಗುವುದಿಲ್ಲ. ನಿಮಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. 50 ಎಂಎಂ ಇರುವುದೇ ಇಂಥ ಜಾಗಕ್ಕೆ. 60 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು, ಬೆಳಕು ಕಮ್ಮಿಯಿದ್ದರೂ ಎಫ್ 2ರಲ್ಲಿ ನಡೆಯುತ್ತದೆ, ಹಿಂದಿನ ಪೆಟ್ಟಿಗೆ, ಹಗ್ಗಕ್ಕೆ ನೇತುಹಾಕಿದ ಬಟ್ಟೆ ಎಲ್ಲ ಮಂಜಾಗಿ ಹೋಗುತ್ತದೆ. ಆದರೆ ಒಂದು ಲೆಕ್ಕ ನೆನಪಿರಲಿ. ಒಂದು ಮೀಟರ್ ದೂರದಲ್ಲಿ ಎಫ್ 1.8ರಲ್ಲಿ ನಿಮ್ಮ ಸೆನ್ಸರಿಗೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು 3 ಸೆಂಟಿಮೀಟರ್ ಮಾತ್ರ. ಕಣ್ಣಿಗೆ ಸರಿಯಾದರೆ ಮೂಗಿನ ತುದಿಯ ಚುಟ್ಟಿ ಮಂಜು. ಎಫ್ 4ಕ್ಕೆ ಬಂದರೆ 6 ಸೆಂಟಿಮೀಟರ್ ಸಿಗುತ್ತದೆ. ನಾನಾದರೆ ಮುಖ ತುಂಬ ತೆಗೆಯುವಾಗ ಎಫ್ 2.8ಕ್ಕಿಂತ ಕೆಳಗೆ ಹೋಗುವುದಿಲ್ಲ.

ಫೋಕಸ್ ಮಾಡಲು ಪೀಕಿಂಗ್ ಅಂತ ಒಂದು ಸೌಲಭ್ಯ ಇದೆ, ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ. ಆಟದಲ್ಲಿ ಅದರ ಬಣ್ಣ ಕೆಂಪು ಇಡಬೇಡಿ. ವೇಷವೇ ಕೆಂಪು, ಹಳದಿ. ಬಿಳಿ ಇಡಿ, ಮಟ್ಟ ಕಡಿಮೆ ಇಡಿ. ಚುಟ್ಟಿ ಎದುರಿಗಿದ್ದಾಗ ಅದೂ ಬಿಳಿ ಅನ್ನಿ. ಒಟ್ಟಿನಲ್ಲಿ ಪೀಕಿಂಗ್ ನಂಬಿ ಕೂರಬೇಡಿ. ಕಿರೀಟದ ಮಣಿ, ಕನ್ನಡಿಚೂರು ಹೊಳೆಯುವ ಕಡೆ ಎಲ್ಲವೂ ಫೋಕಸ್ ಆಗಿದೆ ಅಂತ ಅದು ತೋರಿಸುತ್ತದೆ, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಕಣ್ಣು ಮಾತ್ರ ಮಂಜು. ಫೋಕಸ್ ಮ್ಯಾಗ್ನಿಫೈಯರನ್ನು ಹೆಬ್ಬೆರಳಿಗೆ ಸಿಗುವ ಒಂದು ಬಟನ್‌ಗೆ ಕೊಡಿ. ಇಂಥ ಲೆನ್ಸಿನಲ್ಲಿ ರಿಂಗ್ ತಿರುಗಿಸಿದ ಕೂಡಲೇ ಅದು ತಾನಾಗಿ ಹಿಗ್ಗುವುದಿಲ್ಲ, ನೀವೇ ಒತ್ತಬೇಕು. ಸುಮಾರು 6 ಪಟ್ಟು ದೊಡ್ಡದಾಗುತ್ತದೆ, ಇನ್ನೊಮ್ಮೆ ಒತ್ತಿದರೆ 12 ಪಟ್ಟು. 6 ಸಾಕು. ಚೌಕವನ್ನು ಕಣ್ಣಿನ ಮೇಲೆ ತಂದು, ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುವವರೆಗೆ ರಿಂಗ್ ತಿರುಗಿಸಿ, ಉಸಿರು ಬಿಗಿಹಿಡಿದು ಕ್ಲಿಕ್. ಸ್ಕ್ರೀನಿನಲ್ಲಿ ನೋಡುವುದಕ್ಕಿಂತ ವ್ಯೂಫೈಂಡರಿಗೆ ಕಣ್ಣಿಟ್ಟರೆ ಕೈಯೂ ಗಟ್ಟಿ ನಿಲ್ಲುತ್ತದೆ.

ರಂಗಸ್ಥಳದಲ್ಲಿ ಈ ಸಾವಕಾಶ ಇಲ್ಲ. ಚೆಂಡೆ ಏರಿದ ಮೇಲೆ ವೇಷ ಎಲ್ಲಿ ಹಾರುತ್ತದೆ, ಎಲ್ಲಿ ತಿರುಗುತ್ತದೆ, ಕೈ ಅದರ ಹಿಂದೆ ಓಡುವುದಿಲ್ಲ. 135 ಹಾಕಿಕೊಂಡು ಮಾಡಬಹುದಾದ್ದು ಇಷ್ಟು: ಅರ್ಥಗಾರಿಕೆ (ಮಾತುಗಾರಿಕೆ) ನಡೆಯುವಾಗ, ವೇಷ ಪೀಠದ ಬದಿ ನಿಂತಾಗ, ಭಾಗವತರು ಕಣ್ಣು ಮುಚ್ಚಿ ರಾಗ ಎಳೆಯುವಾಗ. ಇಲ್ಲವೇ ರಂಗದ ಒಂದು ಜಾಗಕ್ಕೆ ಮೊದಲೇ ಫೋಕಸ್ ಇಟ್ಟು, ಎಫ್ 5.6ರಲ್ಲಿ, ವೇಷ ಅಲ್ಲಿಗೆ ಬರಲಿ ಅಂತ ಕಾಯಬಹುದು. ಹತ್ತರಲ್ಲಿ ಎರಡು ಸಿಕ್ಕಿದರೆ ದೊಡ್ಡದು. ಈಗಿನ ಎಲ್ಇಡಿ ದೀಪಗಳ ಕೆಳಗೆ ಸೈಲೆಂಟ್ ಶಟರ್ ಬಳಸಬೇಡಿ, ಫೋಟೋಗೆ ಅಡ್ಡ ಪಟ್ಟೆ ಬೀಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಮೆಕ್ಯಾನಿಕಲ್ ಶಟರ್‌ನಲ್ಲೂ ಪಟ್ಟೆ ಕಂಡರೆ ವೇಗವನ್ನು 100ನೇ ಒಂದು ಭಾಗಕ್ಕೆ ಇಳಿಸಿ, ನಿಂತ ವೇಷವನ್ನಷ್ಟೇ ತೆಗೆಯಿರಿ.

ಹಳೆ ಲೆನ್ಸಿನ ಹಳೆತನವೂ ಗೊತ್ತಿರಲಿ. ಎದುರಿಗೆ ಟ್ಯೂಬ್‌ಲೈಟೋ ಫೋಕಸ್ ಲೈಟೋ ಇದ್ದರೆ ಕಪ್ಪು ಬೂದಿಯಾಗುತ್ತದೆ, ಯಾಕೆಂದರೆ ಆ ಕಾಲದ ಕೋಟಿಂಗ್ ಈಗಿನಷ್ಟು ಗಟ್ಟಿಯಲ್ಲ. ಲೆನ್ಸಿನ ಅಂಚಿನಲ್ಲಿ ಬರೆದ ಫಿಲ್ಟರ್ ಅಳತೆ ನೋಡಿ ಒಂದು ರಬ್ಬರ್ ಹುಡ್ ತೆಗೆದುಕೊಳ್ಳಿ, ಅರ್ಧ ತೊಂದರೆ ಕಮ್ಮಿಯಾಗುತ್ತದೆ. ಎಫ್ 1.8ರಲ್ಲಿ ಕಿರೀಟದ ಹೊಳೆಯುವ ಅಂಚಿಗೆ ನೇರಳೆ ಗೆರೆ ಬರುತ್ತದೆ, 2.8ಕ್ಕೆ ತಂದರೆ ಬಹುಪಾಲು ಹೋಗುತ್ತದೆ. ಇದನ್ನೇ ಕೆಲವರು ಹಳೆ ಲೆನ್ಸಿನ ಸೊಗಸು ಅನ್ನುತ್ತಾರೆ. ನನಗೇನೂ ಹಾಗೆ ಅನಿಸುವುದಿಲ್ಲ. ಸೊಗಸು ಇರುವುದು ಎಣ್ಣೆ ಹಾಕಿದಷ್ಟು ನಯವಾಗಿ ತಿರುಗುವ ಆ ಫೋಕಸ್ ರಿಂಗ್‌ನಲ್ಲಿ. ಬೆಳಗ್ಗೆ ಅಡಕೆ ತೋಟದಲ್ಲಿ ಸೋಗೆ ಸಂದಿಯಿಂದ ಬೆಳಕು ಇಳಿಯುವಾಗ ಹಿಂದಿನ ಬೆಳಕಿನ ಚುಕ್ಕಿಗಳನ್ನು ಅದು ಮೆತ್ತಗೆ ಕರಗಿಸುವ ರೀತಿಯೂ ಚೆಂದ. ಅಪರ್ಚರ್ ಮುಚ್ಚಿದರೆ ಚುಕ್ಕಿಗಳಿಗೆ ಮೂಲೆ ಬರುತ್ತದೆ, ಯಾಕೆಂದರೆ ಬ್ಲೇಡುಗಳು ಐದಾರೇ ಇರುವುದು.

ಮದುವೆಗೆ ಬೇಡ. ಧಾರೆ ಎರೆಯುವ ಕ್ಷಣ, ತಾಳಿ ಕಟ್ಟುವ ಕ್ಷಣ ಎರಡನೇ ಸಲ ಬರುವುದಿಲ್ಲ, ಮನೆಯವರು ಫೋಕಸ್ ತಪ್ಪಿದ್ದಕ್ಕೆ ದೊಡ್ಡಪ್ಪನ ಲೆನ್ಸಿನ ಕಥೆ ಕೇಳುವುದೂ ಇಲ್ಲ. ನಿಮ್ಮ ಎ6400 ಕಣ್ಣು ಹುಡುಕಿ ಫೋಕಸ್ ಮಾಡುವುದರಲ್ಲಿ ಗಟ್ಟಿಗ. ಆರ್ಡರ್ ಹಣದಲ್ಲಿ ಸೋನಿಯದೇ ಇ ಮೌಂಟಿನ 50 ಎಂಎಂ ಎಫ್ 1.8 ಓಎಸ್ಎಸ್ ತೆಗೆದುಕೊಳ್ಳಿ. ಆಟೋಫೋಕಸ್ ಇದೆ, ಕೈನಡುಕ ತಡೆಯುವುದೂ ಇದೆ.

ಹೀಲಿಯೋಸ್ 44-2 ಬಗ್ಗೆ ಕೇಳಿದಿರಿ. 58 ಎಂಎಂ ಎಫ್ 2, ಜೈಸ್ ಕಂಪನಿಯ ಬಯೋಟಾರ್ ವಿನ್ಯಾಸದ ಮೇಲೆ ಸೋವಿಯತ್ ರಷ್ಯಾದಲ್ಲಿ ಮಾಡಿದ್ದು. ಅದರ ಹೆಸರು ಇರುವುದು ಹಿನ್ನೆಲೆ ಸುಳಿಯಂತೆ ತಿರುಗುವುದಕ್ಕೆ. ಆದರೆ ಆ ಸುಳಿ ಜಾಸ್ತಿ ಕಾಣುವುದು ಚಿತ್ರದ ಅಂಚಿನಲ್ಲಿ, ನಿಮ್ಮ ಸೆನ್ಸರ್ ಆ ಅಂಚನ್ನೇ ಕತ್ತರಿಸಿ ಬಿಡುತ್ತದೆ. ಫುಲ್ ಫ್ರೇಮ್ ಇಲ್ಲದೆ ಅದನ್ನು ಕೊಂಡರೆ ಅರ್ಧ ಹೀಲಿಯೋಸ್ ಕೊಂಡ ಹಾಗೆ. ಚಿತ್ರವನ್ನು ಕುಗ್ಗಿಸಿ ಸಣ್ಣ ಸೆನ್ಸರಿಗೆ ಹಿಡಿಸುವ, ಗಾಜಿರುವ ಅಡಾಪ್ಟರ್ ಆದ 0.71 ಪಟ್ಟಿನ ಸ್ಪೀಡ್ ಬೂಸ್ಟರ್ ಹಾಕಿದರೆ ಅಂಚು ವಾಪಸ್ ಸಿಗುತ್ತದೆ, ಖರ್ಚು ಲೆನ್ಸಿಗಿಂತ ಜಾಸ್ತಿಯಾಗಬಹುದು. ಕೈಯಲ್ಲೇ 50 ಇರುವಾಗ 58 ಎಂಎಂ ಯಾಕೆ ಹೇಳಿ?

ಮುಂದೆ ಎಂದಾದರೂ ಕೊಳ್ಳುವುದಾದರೆ ಇಷ್ಟು ನೋಡಿಕೊಳ್ಳಿ. ಅದು ತಿರುಪಿನಂತೆ ತಿರುಗಿಸಿ ಕೂರಿಸುವ ಎಂ42 ಮೌಂಟ್, ನಿಮ್ಮ ಎಫ್‌ಡಿ ಅಡಾಪ್ಟರ್ ಅದಕ್ಕೆ ಆಗುವುದಿಲ್ಲ. 44-2ರಲ್ಲಿ ಅಪರ್ಚರ್‌ಗೆ ಎರಡು ರಿಂಗ್ ಇರುತ್ತದೆ, ಮೊದಲ ಸಲ ಗೊಂದಲ ಆಗುತ್ತದೆ, ಲೆನ್ಸು ಕೆಟ್ಟಿಲ್ಲ. ಬೇರೆ ಕೆಲವು ಎಂ42 ಲೆನ್ಸುಗಳ ಹಿಂದೆ ಒಂದು ಪಿನ್ ಇರುತ್ತದೆ, ಎ-ಎಂ (ಆಟೋ-ಮ್ಯಾನುವಲ್) ಸ್ವಿಚ್ ಇಲ್ಲದಿದ್ದರೆ ಆ ಪಿನ್ ಒತ್ತುವ ಅಡಾಪ್ಟರೇ ಬೇಕು. ಮಾರುವವರ ಹತ್ತಿರ ಟಾರ್ಚ್ ಹಿಡಿದು ತೆಗೆದ ಫೋಟೋ ಕೇಳಿ. ಕೊಡಲು ಮೀನಮೇಷ ಎಣಿಸಿದರೆ ಕೈಬಿಡಿ. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ.